80 ಸೆಂ.ಮೀ. ಮರದ ಟ್ರಾಲ್ ಬೋಟು, ರಿಮೋಟಿನದ್ದು: ಡೆಕ್ ಮುಚ್ಚುವ ಮೊದಲು ಏನೇನು ಮುಗಿಸಿಕೊಳ್ಳಬೇಕು?

ಕುಂದಾಪುರದ_ಹಲಗೆ:
ಎಲ್ಲರಿಗೂ ನಮಸ್ಕಾರ. ನಮ್ಮ ಕರಾವಳಿಯ ಹಳೇ ಮರದ ಟ್ರಾಲ್ ಬೋಟಿನ ಮಾದರಿ, 1:20 ಅಳತೆ. ಅಸಲಿ ಬೋಟು 16 ಮೀಟರ್ ಅಂತ ಹಿಡಿದರೆ ಮಾದರಿ 80 ಸೆಂ.ಮೀ. ಉದ್ದ, 22 ಸೆಂ.ಮೀ. ಅಗಲ. ನೀರಿನೊಳಗೆ 8 ಸೆಂ.ಮೀ. ಇಳಿಯಬೇಕು. ಕೀಲ್ (ತಳದ ಉದ್ದಕ್ಕೂ ಬರುವ ಬೆನ್ನೆಲುಬು) 6 ಮಿ.ಮೀ. ಪ್ಲೈ, ಫ್ರೇಮುಗಳು (ಅಡ್ಡ ಪಕ್ಕೆಲುಬುಗಳು) 4 ಮಿ.ಮೀ. ಪ್ಲೈ, ಒಟ್ಟು 11. ಎಲ್ಲವನ್ನೂ ಸಮತಟ್ಟಾದ ಹಲಗೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿ ಅಂಟಿಸಿ ಆಗಿದೆ.

ಇನ್ನು ಪಟ್ಟಿ ಹೊದಿಸಬೇಕು. ಯಾವ ಮರ, ಎಷ್ಟು ದಪ್ಪ? ಪ್ರೊಪೆಲ್ಲರ್ ತಿರುಗಿಸುವ ಶಾಫ್ಟಿನ ಕೊಳವೆಯಿಂದ ನೀರು ಜಿನುಗದ ಹಾಗೆ ಕೂರಿಸುವುದು ಹೇಗೆ? ಮೋಟಾರ್ ಯಾವುದು? ತಳದ ಭಾರಕ್ಕೆ ಸೀಸ ಎಷ್ಟು ಬೇಕಾಗಬಹುದು? ವೇಗ ಬೇಡ, ಅಸಲಿ ಬೋಟಿನ ಗಾಂಭೀರ್ಯದಲ್ಲೇ ಹೋಗಬೇಕು.

ಹತ್ತರಿ_ಉಳಿ:
ಮೊದಲು ಪ್ಲೈ ಯಾವ ದರ್ಜೆಯದು ನೋಡಿ. ಐಎಸ್ 710 ಮರೀನ್ (ನೀರು ತಡೆಯುವ ದರ್ಜೆ) ಆಗಿದ್ದರೆ ಚಿಂತೆ ಇಲ್ಲ. ಐಎಸ್ 303ರ ಎಂಆರ್ (ತೇವ ಮಾತ್ರ ತಡೆಯುವ ದರ್ಜೆ) ಆಗಿದ್ದರೆ ಒಂದು ಕಡೆ ನೀರು ನಿಂತರೂ ಪದರ ಬಿಡಬಹುದು, ಆದ್ದರಿಂದ ಈಗಲೇ ಪ್ರತಿ ಅಂಚಿಗೂ ತೆಳುವಾಗಿ ಎಪಾಕ್ಸಿ ರೆಸಿನ್ ಕುಡಿಸಿ.

ಪಟ್ಟಿ ಹಚ್ಚುವ ಮೊದಲು ಫ್ರೇಮುಗಳ ಅಂಚನ್ನು ಓರೆಯಾಗಿ ಕೆತ್ತಬೇಕು. ನಡುವಿನವು ಹೆಚ್ಚುಕಡಿಮೆ ನೇರವೇ ಇರುತ್ತವೆ. ಮೂತಿಯ ಹತ್ತಿರದ ಮೂರು ಮತ್ತು ಹಿಂದಿನ ಎರಡಕ್ಕೆ ಓರೆ ಜಾಸ್ತಿ ಬೇಕು. ಒಂದು ಉದ್ದನೆಯ ಪಟ್ಟಿಯನ್ನು ಮೂರು ನಾಲ್ಕು ಫ್ರೇಮುಗಳ ಮೇಲೆ ಕೈಯಲ್ಲೇ ಒತ್ತಿ ಹಿಡಿಯಿರಿ: ಅದು ಫ್ರೇಮಿನ ಪೂರ್ತಿ ದಪ್ಪಕ್ಕೆ ಕೂರಬೇಕು. ಒಂದೇ ಮೂಲೆಗೆ ತಾಗುತ್ತಿದ್ದರೆ ಅಲ್ಲಿ ಇನ್ನೂ ಉಜ್ಜಬೇಕು. ಇದನ್ನು ಬಿಟ್ಟರೆ ಹೊರಮೈ ಮೇಲೆ ಪಕ್ಕೆಲುಬು ಎದ್ದು ಕಾಣುತ್ತದೆ, ಆಮೇಲೆ ಎಷ್ಟು ಪುಟ್ಟಿ ಮೆತ್ತಿದರೂ ಹೋಗುವುದಿಲ್ಲ.

ಮರಕ್ಕೆ ಪೈನ್ ಅಥವಾ ಸಿಲ್ವರ್ ಓಕ್, 6 ಮಿ.ಮೀ. ಅಗಲ, 2 ಮಿ.ಮೀ. ದಪ್ಪ ಸಾಕು. ಬಾಲ್ಸಾ ಬೇಗ ಬಾಗುತ್ತದೆ ನಿಜ, ಆದರೆ ದಡದ ಕಲ್ಲಿಗೆ ತಾಗಿದರೆ ತಗ್ಗು ಬೀಳುತ್ತದೆ. ಸಾಗುವಾನಿ ನೋಡಲು ಚೆಂದ, ಆದರೆ ಅದರಲ್ಲಿ ಎಣ್ಣೆ ಅಂಶವಿದೆ. ಅಂಟಿಸುವ ಸ್ವಲ್ಪ ಮೊದಲು ಅಸಿಟೋನಿನಲ್ಲಿ ಒರೆಸದಿದ್ದರೆ ರೆಸಿನ್ ಕಚ್ಚುವುದಿಲ್ಲ.

ಬಲಕ್ಕೊಂದು, ಎಡಕ್ಕೊಂದು, ಹೀಗೆ ಒಂದರ ನಂತರ ಒಂದು ಹಚ್ಚಿ. ಒಂದೇ ಬದಿಗೆ ನಾಲ್ಕೈದು ಹಚ್ಚಿಬಿಟ್ಟರೆ ಆ ಎಳೆತಕ್ಕೆ ಕೀಲ್ ಬಾಳೆಕಾಯಿಯ ಹಾಗೆ ಸೊಟ್ಟಗಾಗುತ್ತದೆ, ಮತ್ತೆ ನೆಟ್ಟಗೆ ಮಾಡಲು ಆಗದು. ನಡುವಿನ ಫ್ರೇಮಿನ ಒಂದು ಬದಿಯ ಸುತ್ತಳತೆಯನ್ನು (ಕೀಲಿನಿಂದ ಡೆಕ್ಕಿನ ಅಂಚಿನ ತನಕ) ಮಿ.ಮೀ.ನಲ್ಲಿ ಕಾಗದದ ಪಟ್ಟಿಯಿಂದ ತೆಗೆದು 6ರಿಂದ ಭಾಗಿಸಿ: ಒಂದು ಬದಿಗೆ ಎಷ್ಟು ಪಟ್ಟಿ ಅಂತ ಸಿಗುತ್ತದೆ. ಮೂತಿಯ ಫ್ರೇಮಿನ ಒಂದು ಬದಿಯ ಸುತ್ತಳತೆಯನ್ನು ಅದೇ ಸಂಖ್ಯೆಯಿಂದ ಭಾಗಿಸಿದರೆ ಅಲ್ಲಿ ಪಟ್ಟಿಯ ಅಗಲ ಎಷ್ಟಿರಬೇಕು ಅಂತ ಗೊತ್ತಾಗುತ್ತದೆ. ಅಷ್ಟಕ್ಕೆ ಹತ್ತರಿ ಹೊಡೆದು ಸಣ್ಣ ಮಾಡಿ, ಆದರೆ 3 ಮಿ.ಮೀ.ಗಿಂತ ಕಡಿಮೆ ಬೇಡ. ಅದಕ್ಕಿಂತ ಕಡಿಮೆ ಬಂದರೆ ಎರಡು ಪಟ್ಟಿ ಸೇರಿ ಒಂದಾಗುವಂತೆ ಜೋಡಿಸಿ. ಮೂತಿಯ ಬಾಗಿಗೆ ಪಟ್ಟಿಯನ್ನು ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ, ಫ್ರೇಮಿಗೆ ಕ್ಲಿಪ್ ಹಾಕಿ ಒಣಗಲು ಬಿಡಿ. ಒಣಗಿದ ಮೇಲೆಯೇ ಅಂಟು. ಹಸಿಯಾಗಿದ್ದಾಗ ಅಂಟಿಸಿದರೆ ಮರ ಕುಗ್ಗಿ ಸಂದು ಬಿಡುತ್ತದೆ.

ಎಲ್ಲ ಮುಗಿದ ಮೇಲೆ ಒಳಗೆ ಎರಡು ಕೈ ಎಪಾಕ್ಸಿ, ಹೊರಗೆ 50 ಜಿಎಸ್ಎಂ (ಚದರ ಮೀಟರಿಗೆ 50 ಗ್ರಾಂ) ಗಾಜಿನ ನಾರಿನ ಬಟ್ಟೆ ಒಂದು ಪದರ, ಕೀಲಿನ ಉದ್ದಕ್ಕೂ ಎರಡು. ಎಲ್‌ವೈ 556 ರೆಸಿನ್ ಆದರೆ 100 ಗ್ರಾಂಗೆ ಎಚ್‌ವೈ 951 ಹಾರ್ಡ್ನರ್ 10 ಗ್ರಾಂ, ತೂಕ ಮಾಡಿಯೇ ಕಲಸಿ. ಕಣ್ಣಂದಾಜಿಗೆ ಹಾಕಿದರೆ ಅಂಟಂಟಾಗಿಯೇ ಉಳಿಯುತ್ತದೆ. ನಿಮ್ಮ ಕಡೆಯ ಮಳೆಗಾಲದ ತೇವಕ್ಕೆ ಮೇಲೆ ಜಿಡ್ಡಿನಂಥ ಬಿಳಿ ಪೊರೆ ಬರಬಹುದು. ಅದನ್ನು ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಆಮೇಲೆ ಉಜ್ಜಿ. ತೊಳೆಯದೆ ಬಣ್ಣ ಹೊಡೆದರೆ ಹಾಳೆ ಹಾಳೆಯಾಗಿ ಏಳುತ್ತದೆ.

ಚುಕ್ಕಾಣಿ_ಮಂಗಳೂರು:
ಶಾಫ್ಟಿನ ಮಾತು. ನೀರು ಬರುವುದು ಎರಡು ಕಡೆಯಿಂದ: ಕೊಳವೆಗೂ ಮರಕ್ಕೂ ನಡುವಿನ ಸಂದಿನಿಂದ, ಇಲ್ಲವೇ ಶಾಫ್ಟಿಗೂ ಬುಶ್ಶಿಗೂ (ಕೊಳವೆಯ ತುದಿಯಲ್ಲಿ ಶಾಫ್ಟನ್ನು ಹಿಡಿಯುವ ಬಳೆ) ನಡುವಿನ ಸಡಿಲದಿಂದ. ಮೊದಲನೆಯದಕ್ಕೆ ಮದ್ದು ಸುಲಭ. ಹಿತ್ತಾಳೆ ಕೊಳವೆಯನ್ನು 80 ನಂಬರ್ ಪೇಪರಿನಲ್ಲಿ ಒರಟು ಮಾಡಿ, ಒಳಗಡೆ ಎಪಾಕ್ಸಿಗೆ ಮರದ ಪುಡಿ ಬೆರೆಸಿ ಸುತ್ತಲೂ ದಪ್ಪ ಕಟ್ಟೆ ಕಟ್ಟಿ. ನುಣ್ಣಗಿರುವ ಹಿತ್ತಾಳೆಗೆ ಅಂಟು ಹಿಡಿಯುವುದಿಲ್ಲ, ಮೋಟಾರಿನ ನಡುಕಕ್ಕೇ ಬಿಟ್ಟುಕೊಳ್ಳುತ್ತದೆ.

ಎರಡನೆಯದಕ್ಕೆ ಮೂಲ ಕಾರಣ ಮೋಟಾರು ಮತ್ತು ಶಾಫ್ಟು ಒಂದೇ ಗೆರೆಯಲ್ಲಿ ಇಲ್ಲದಿರುವುದು. ಮೋಟಾರಿನ ಶಾಫ್ಟ್ 5 ಮಿ.ಮೀ., ಪ್ರೊಪೆಲ್ಲರ್ ಶಾಫ್ಟ್ 4 ಮಿ.ಮೀ. ಅಂದುಕೊಳ್ಳಿ. ಒಂದು ತುದಿಗೆ 5, ಇನ್ನೊಂದು ತುದಿಗೆ 4 ತೂತಿರುವ ಗಟ್ಟಿ ಹಿತ್ತಾಳೆ ತುಂಡೊಂದನ್ನು ಲೇತಿನಲ್ಲಿ ಮಾಡಿಸಿ. ಅದನ್ನು ಕಪ್ಲಿಂಗಿನ (ಎರಡು ಶಾಫ್ಟುಗಳನ್ನು ಜೋಡಿಸುವ ತುಂಡಿನ) ಜಾಗಕ್ಕೆ ಹಾಕಿ, ಎರಡೂ ಒಂದೇ ಕಡ್ಡಿಯಂತೆ ಇರುವಾಗಲೇ ಮೋಟಾರಿನ ಪೀಠ ಅಂಟಿಸಿ. ಅಂಟು ಗಟ್ಟಿಯಾದ ಮೇಲೆ ಆ ತುಂಡು ತೆಗೆದು ಯೂನಿವರ್ಸಲ್ ಕಪ್ಲಿಂಗ್ ಹಾಕಿ. ಕಪ್ಲಿಂಗ್ ಬಾಗುತ್ತದಲ್ಲ ಅಂತ ಸೊಟ್ಟಗೆ ಕೂರಿಸುವವರಿದ್ದಾರೆ. ಸದ್ದೂ ಜಾಸ್ತಿ, ಬುಶ್ಶೂ ಬೇಗ ಸವೆಯುತ್ತದೆ. ಶಾಫ್ಟಿನ ಓರೆ 10 ಡಿಗ್ರಿ ದಾಟದಿರಲಿ. ಕೊಳವೆಯ ನಡುವೆ ಒಂದು ಸಣ್ಣ ನಳಿಕೆ ಬೆಸೆದು ನೀರಿನ ಮಟ್ಟಕ್ಕಿಂತ ಮೇಲಕ್ಕೆ ತನ್ನಿ, ಅದರಿಂದ ಸಿರಿಂಜಿನಲ್ಲಿ ವಾಟರ್‌ಪ್ರೂಫ್ ಗ್ರೀಸ್ ತುಂಬಿ.

ಮೋಟಾರಿಗೆ 540 ಅಳತೆಯದು ಬೇಡ, ಅದು ರಿಮೋಟ್ ಕಾರಿನದು, ತಿರುಗುವುದು ವಿಪರೀತ. 12 ವೋಲ್ಟಿಗೆ ನಿಮಿಷಕ್ಕೆ 6000 ಸುತ್ತಿನ 775 ಮೋಟಾರ್ ತಂದು 6 ವೋಲ್ಟಿನಲ್ಲಿ ಓಡಿಸಿ. ಅಸಲಿ ಬೋಟು 9 ನಾಟ್ ಅಂದರೆ ಸೆಕೆಂಡಿಗೆ 4.6 ಮೀಟರ್. 1:20ಕ್ಕೆ ಅದನ್ನು 20ರ ವರ್ಗಮೂಲದಿಂದ, ಅಂದರೆ 4.47ರಿಂದ ಭಾಗಿಸಬೇಕು: ಸೆಕೆಂಡಿಗೆ ಸುಮಾರು 1 ಮೀಟರ್. 50 ಮಿ.ಮೀ. ಪ್ರೊಪೆಲ್ಲರಿಗೆ ಅಷ್ಟು ಧಾರಾಳವಾಗಿ ಬರುತ್ತದೆ. ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ) ಬ್ರೇಕ್ ಇಲ್ಲದೆ ನೇರ ರಿವರ್ಸ್ ಆಗುವಂಥದ್ದೇ ಬೇಕು. ಕಾರಿನದಾದರೆ ಹಿಂದಕ್ಕೆ ಹೋಗಲು ರಿಮೋಟಿನ ಕಡ್ಡಿ ಎರಡು ಸಲ ಎಳೆಯಬೇಕು, ಅಷ್ಟರಲ್ಲಿ ಬೋಟು ದಡಕ್ಕೆ ಗುದ್ದಿರುತ್ತದೆ. ಮೋಟಾರಿನ ಎರಡು ತುದಿಗಳ ನಡುವೆ ಒಂದು, ಪ್ರತಿ ತುದಿಯಿಂದ ಕವಚಕ್ಕೆ ಒಂದೊಂದು, ಹೀಗೆ ಮೋಟಾರಿನ ಕಿಡಿ ರೇಡಿಯೋಗೆ ಅಡ್ಡಿಯಾಗದಂತೆ ಮೂರು 104 ಕೆಪಾಸಿಟರ್ ಬೆಸೆಯುವುದನ್ನು ಮರೆಯಬೇಡಿ. ಚುಕ್ಕಾಣಿ 6 × 5 ಸೆಂ.ಮೀ., ಎರಡೂ ಕಡೆ 35 ಡಿಗ್ರಿ.

ತೂಗುದಾರ:
ತೂಕದ ಲೆಕ್ಕ ಕಾಗದದ ಮೇಲೆ ಈಗಲೇ ಆಗಬೇಕು. ನೀರಿನ ಮಟ್ಟದಲ್ಲಿ ಉದ್ದ 74 ಸೆಂ.ಮೀ. ಅಂತ ಹಿಡಿಯೋಣ. 74 × 22 × 8 = 13,024 ಘನ ಸೆಂ.ಮೀ. ಟ್ರಾಲ್ ಬೋಟಿನ ಆಕಾರಕ್ಕೆ ಅದರ ಅರ್ಧ, ಅಂದರೆ ಒಟ್ಟು 6.5 ಕಿಲೋ ಬರಬೇಕು. ರೆಸಿನ್ ಸಮೇತ ಒಡಲು 1.8, ಮೋಟಾರು ಶಾಫ್ಟು ಚುಕ್ಕಾಣಿ 0.7, ರೇಡಿಯೋ ವೈರು 0.2, ಡೆಕ್ ಕ್ಯಾಬಿನ್ ಕಂಬ 0.6. ಒಟ್ಟು 3.3. ಉಳಿದ 3.2 ಕಿಲೋ ಬ್ಯಾಟರಿ ಮತ್ತು ಸೀಸಕ್ಕೆ. ಬಲೆಗೆ ಕಟ್ಟುವ ಸೀಸದ ಗುಂಡು ನಿಮ್ಮೂರಲ್ಲೇ ಸಿಗುತ್ತದೆ, ಬಟ್ಟೆ ಚೀಲಕ್ಕೆ ತುಂಬಿ ಇಡಿ. ಸೀಸ ಕರಗಿಸಲು ಹೋಗಬೇಡಿ, ಅಡುಗೆಮನೆಯಲ್ಲಂತೂ ಬೇಡವೇ ಬೇಡ.

ಡೆಕ್ ಮುಚ್ಚುವ ಮೊದಲು ತೊಟ್ಟಿಯಲ್ಲಿ ತೇಲಿಸಿ. ಡೆಕ್, ಕ್ಯಾಬಿನ್ನಿನ ತೂಕವನ್ನು ಅವು ಬರುವ ಎತ್ತರದಲ್ಲೇ ಕಟ್ಟಿ. ಒಂದು ಕೋಲು ನಿಲ್ಲಿಸಿ 40 ಸೆಂ.ಮೀ. ತೂಗುದಾರ ಇಳಿಬಿಡಿ, ಕೆಳಗೆ ಅಡ್ಡಲಾಗಿ ಸ್ಕೇಲು. 200 ಗ್ರಾಂ ಬಟ್ಟನ್ನು ನಡುವಿನಿಂದ ಪಕ್ಕಕ್ಕೆ 8 ಸೆಂ.ಮೀ. ಸರಿಸಿ. ದಾರ 4.2 ಸೆಂ.ಮೀ. ಸರಿದರೆ ಮೆಟಾಸೆಂಟರ್ ಎತ್ತರ (ಬೋಟು ವಾಲದೆ ನಿಲ್ಲುವ ಶಕ್ತಿಯ ಅಳತೆ) 2.3 ಸೆಂ.ಮೀ., ಈ ಅಗಲಕ್ಕೆ ಒಳ್ಳೆಯ ಅಂಕಿ. 8 ಸೆಂ.ಮೀ. ಸರಿದರೆ ಅದು 1.2ಕ್ಕೆ ಇಳಿದಿದೆ ಅಂತ ಅರ್ಥ; ತಿರುಗುವಾಗ ವಿಪರೀತ ವಾಲುತ್ತದೆ, ಭಾರವನ್ನು ಇನ್ನೂ ಕೆಳಕ್ಕೆ ತನ್ನಿ.

ಕುಂದಾಪುರದ_ಹಲಗೆ:
ತುಂಬಾ ಉಪಕಾರ ಆಯ್ತು. ಬ್ಯಾಟರಿ ಲೆಡ್ ಆಸಿಡ್ ಹಾಕಿದರೆ ಅದೇ ಸೀಸದ ಕೆಲಸವನ್ನೂ ಮಾಡುತ್ತದಲ್ಲ?

ಚುಕ್ಕಾಣಿ_ಮಂಗಳೂರು:
ಮಾಡುತ್ತದೆ, ನಾನು ಅದನ್ನೇ ಹೇಳುತ್ತೇನೆ. 6 ವೋಲ್ಟ್ 4.5 ಎಎಚ್ ಸೀಲ್ಡ್ ಬ್ಯಾಟರಿ ಒಂದಕ್ಕೆ ಸುಮಾರು 750 ಗ್ರಾಂ. ಒಂದೇ ಕಂಪನಿಯ, ಒಟ್ಟಿಗೆ ಕೊಂಡ ಎರಡನ್ನು ಪ್ಯಾರಲಲ್ ಹಾಕಿ, 15 ಆಂಪಿಯರ್ ಫ್ಯೂಸ್ ಇರಲಿ. ಚಾರ್ಜ್ ಮಾಡುವಾಗ ಹ್ಯಾಚ್ (ಡೆಕ್ಕಿನ ಬಾಗಿಲು) ತೆರೆದಿರಬೇಕು, ಹೈಡ್ರೋಜನ್ ಒಳಗೆ ನಿಲ್ಲಬಾರದು.

ತೂಗುದಾರ:
ನನಗೆ ಒಪ್ಪಿಗೆ ಇಲ್ಲ ಸರ್. ಆ ಬ್ಯಾಟರಿ ನಿಂತರೆ 10 ಸೆಂ.ಮೀ. ಎತ್ತರ, ಭಾರದ ನಡು 5 ಸೆಂ.ಮೀ. ಮೇಲೆ ಬರುತ್ತದೆ. 18650 ಲಿಥಿಯಂ ಸೆಲ್ ನಾಲ್ಕು, ಬಿಎಂಎಸ್ (ಸೆಲ್ ಕಾಯುವ ಸರ್ಕ್ಯೂಟ್) ಸಮೇತ 200 ಗ್ರಾಂ ಅಷ್ಟೇ. ಉಳಿದ 3 ಕಿಲೋ ಪೂರ್ತಿ ಸೀಸವೇ ಆಗಿ ತಳಕ್ಕೆ ಅಂಟಿ ಮಲಗಿರುತ್ತದೆ. 7.4 ವೋಲ್ಟ್ ಆಗುವುದರಿಂದ ರಿಮೋಟಿನಲ್ಲಿ ಥ್ರಾಟಲ್ 80 ಶೇಕಡಾಕ್ಕೆ ಮಿತಿ ಹಾಕಿದರಾಯಿತು. ಲೆಡ್ ಆಸಿಡ್ಡೇ ಬೇಕು ಅಂದರೆ ಅಡ್ಡ ಮಲಗಿಸಿ ಇಡಿ, ಸೀಲ್ಡ್ ಆದ್ದರಿಂದ ಸೋರುವುದಿಲ್ಲ.

ಹತ್ತರಿ_ಉಳಿ:
ಯಾವುದೇ ಹಾಕಿ, ಹ್ಯಾಚ್ ಮಾತ್ರ ಬ್ಯಾಟರಿ ಹೊರಬರುವಷ್ಟು ದೊಡ್ಡದಿರಲಿ. ಶಾಫ್ಟಿನ ಕಪ್ಲಿಂಗಿಗೂ ಚುಕ್ಕಾಣಿ ತಿರುಗಿಸುವ ಸರ್ವೋ ಮೋಟಾರಿಗೂ ಕೈ ಹೋಗಬೇಕು. ಹ್ಯಾಚಿನ ಸುತ್ತ 12 ಮಿ.ಮೀ. ಎತ್ತರದ ಅಂಚು ಕಟ್ಟಿದರೆ ಡೆಕ್ ಮೇಲೆ ಬಂದ ನೀರು ಒಳಗೆ ಇಳಿಯುವುದಿಲ್ಲ.

ಜೊಂಡು_ಕೆರೆ:
ರೇಡಿಯೋ ಬಗ್ಗೆ ಎರಡು ಮಾತು. 2.4 ಗಿಗಾಹರ್ಟ್ಸ್ ಅಲೆ ನೀರನ್ನು ದಾಟುವುದಿಲ್ಲ. ರಿಸೀವರಿನ ಆಂಟೆನಾ ತುದಿ ಕ್ಯಾಬಿನ್ನಿನೊಳಗೆ, ನೀರಿನ ಮಟ್ಟಕ್ಕಿಂತ ಮೇಲೆ ನೆಟ್ಟಗೆ ನಿಲ್ಲಬೇಕು. ತಳದಲ್ಲಿ ಸುತ್ತಿಟ್ಟರೆ ಬೋಟು ಸ್ವಲ್ಪ ದೂರ ಹೋಗುತ್ತಲೇ ಹಿಡಿತ ತಪ್ಪುತ್ತದೆ. ಫೇಲ್‌ಸೇಫನ್ನು ನೀವೇ ಸೆಟ್ ಮಾಡಿ, ಸಿಗ್ನಲ್ ಹೋದರೆ ಥ್ರಾಟಲ್ ಸೊನ್ನೆಗೆ ಬರಬೇಕು. ಪ್ರೊಪೆಲ್ಲರ್ ಬಿಚ್ಚಿ, ರಿಮೋಟ್ ಆಫ್ ಮಾಡಿ ಮೇಜಿನ ಮೇಲೆಯೇ ಪರೀಕ್ಷಿಸಿ.

ಕೆರೆಯಲ್ಲಿ ಬಿಡುವುದಾದರೆ ಅಂತರಗಂಗೆ, ಜೊಂಡು ಇಲ್ಲದ ಕಡೆ ನೋಡಿ. ಬೇರಿನ ಎಳೆ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಮೋಟಾರು ನಿಂತು ಕರೆಂಟು ಏಕಾಏಕಿ ಏರುತ್ತದೆ, ಫ್ಯೂಸ್ ಇಲ್ಲದಿದ್ದರೆ ಇಎಸ್‌ಸಿ ಸುಡುತ್ತದೆ. ಉಪ್ಪುನೀರಲ್ಲಿ, ಹೊಳೆಯ ಬಾಯಲ್ಲಿ ಓಡಿಸಿದರೆ ಅವತ್ತೇ ಸಿಹಿನೀರಿನಲ್ಲಿ ತೊಳೆದು, ನಳಿಕೆಯಿಂದ ಹೊಸ ಗ್ರೀಸ್ ಒತ್ತಿ. ಹಳೇದು ಹಿಂದಿನ ಬುಶ್ಶಿನಿಂದ ಹೊರಬರುವ ತನಕ ಒತ್ತುತ್ತಿರಿ.