ಮಾವು, ದಾಳಿಂಬೆ ಚಾಟನಿಗೆ (ಟೊಂಗೆ ಸವರೋದಕ್ಕೆ) ಹಗುರ ಗರಗಸ ಯಾವುದು ತಗೋಬೇಕು?

ಮಸಾರಿ_ತೋಟ, ಕುಷ್ಟಗಿ

ಎರಡು ಎಕರೆ ಕೇಸರ್ ಮಾವು, ಪಕ್ಕಕ್ಕೆ ಒಂದೂವರೆ ಎಕರೆ ದಾಳಿಂಬೆ, ಬದುವಿನ ಮೇಲೆ ಬೇವು ಮತ್ತು ಬಳ್ಳಾರಿ ಜಾಲಿ. ಮಾವಿನ ಕೊಯ್ಲು ಮುಗಿದಿದೆ, ಗಿಡದ ನಡುವಿಗೆ ಬಿಸಿಲು ಇಳಿಯುವ ಹಾಗೆ ಒಳಟೊಂಗೆ ತೆಗೀಬೇಕು. ಹೆಚ್ಚಿನವು 3ರಿಂದ 9 ಸೆಂ.ಮೀ. ದಪ್ಪ, ಬೇವಿನಲ್ಲಿ ಮಾತ್ರ ಒಂದೆರಡು 15 ಸೆಂ.ಮೀ. ಇವೆ. ಸದ್ಯ ಇರೋದು ಬಡಗಿ ಗರಗಸ, ಕೊಡಲಿ. ಹಸಿ ಟೊಂಗೆಗೆ ಗರಗಸ ಹಾಕಿದರೆ ಹತ್ತು ಎಳೆತಕ್ಕೆ ಕಚ್ಚಿಕೊಂಡು ನಿಲ್ಲುತ್ತೆ, ಕೊಡಲಿ ಹಾಕಿದರೆ ತೊಗಟೆ ಸೀಳುತ್ತೆ. ದಿನಕ್ಕೆ ಆರೇಳು ತಾಸಿನ ಕೆಲಸ, ಹೆಣ್ಣಾಳುಗಳೂ ಹಿಡಿಯುವಂಥದ್ದು ಬೇಕು. ಅಂಗಡಿಯಲ್ಲಿ ಮೂರು ತೋರಿಸಿದರು: ಮಡಚುವ ಗರಗಸ, ಉದ್ದ ಕೋಲಿನ ಗರಗಸ, 4 ಇಂಚಿನ ಬ್ಯಾಟರಿ ಚೈನ್‌ಸಾ. ಎಲ್ಲಕ್ಕಿಂತ ಹಗುರ ಯಾವುದು, ಯಾವುದಕ್ಕೆ ದುಡ್ಡು ಹಾಕಬಹುದು?

ಹಲ್ಲು_ಲೆಕ್ಕ, ಗಂಗಾವತಿ

ತಕ್ಕಡಿಯಲ್ಲಿ ಹಗುರ ಇರೋದು ಬೇರೆ, ಕೈಗೆ ಹಗುರ ಅನಿಸೋದು ಬೇರೆ. 250 ಗ್ರಾಂ ಗರಗಸ ಒಂದು ಟೊಂಗೆಗೆ 60 ಎಳೆತ ಕೇಳಿ, 400 ಗ್ರಾಂನದ್ದು ಅದೇ ಟೊಂಗೆಯನ್ನ 20 ಎಳೆತಕ್ಕೆ ಇಳಿಸಿದರೆ ಸಂಜೆಗೆ ಭುಜ ನೋಯೋದು ಮೊದಲನೆಯದ್ದರಿಂದಲೇ. ಅದಕ್ಕೇ ತೂಕಕ್ಕಿಂತ ಮೊದಲು ಹಲ್ಲು ನೋಡಿ.

ಬಡಗಿ ಗರಗಸ ಒಣ ಹಲಗೆಗೆ ಮಾಡಿದ್ದು, ತಳ್ಳುವಾಗ ಕೊಯ್ಯುತ್ತೆ. ತಳ್ಳುವಾಗ ಬಾಗಬಾರದು ಅಂತ ಅಲಗು ದಪ್ಪ, ಹಲ್ಲಿನ ನಡುವಿನ ಸಂದು ಸಣ್ಣದು. ಹಸಿ ಮಾವಿನ ಹೊಟ್ಟು ಒದ್ದೆಯಾಗಿ ಆ ಸಂದಿನಲ್ಲೇ ಮೆತ್ತಿಕೊಂಡರೆ ಹಲ್ಲಿನ ತುದಿ ಕಟ್ಟಿಗೆಗೆ ತಾಗೋದೇ ಇಲ್ಲ. ನಿಮ್ಮ ಗರಗಸ ನಿಲ್ಲೋದಕ್ಕೆ ಅರ್ಧ ಕಾರಣ ಇದು. ಚಾಟನಿ ಗರಗಸ ಎಳೆಯುವಾಗ ಕೊಯ್ಯುತ್ತೆ. ಎಳೆದಾಗ ಅಲಗು ತಾನಾಗಿಯೇ ಬಿಗಿದು ನೆಟ್ಟಗಾಗುತ್ತೆ, ಹಾಗಾಗಿ ತೆಳ್ಳಗೆ ಮಾಡಬಹುದು. ಅಲಗು ತೆಳ್ಳಗಿದ್ದಷ್ಟೂ ಕೊಯ್ಯಬೇಕಾದ ಕಟ್ಟಿಗೆ ಕಡಿಮೆ. ಕೈಗೆ ಹಗುರ ಅನಿಸೋದು ಇಲ್ಲಿಂದ.

ಅಂಗಡಿಗೆ ಸ್ಕೇಲ್ ಒಯ್ಯಿರಿ. 3 ಸೆಂ.ಮೀ. ಉದ್ದದಲ್ಲಿ ಎಷ್ಟು ಹಲ್ಲು ಅಂತ ಎಣಿಸಿ. 6–7 ಇದ್ದರೆ ಹಸಿ, ದಪ್ಪ ಮಾವಿಗೆ. 9–10 ಇದ್ದರೆ ದಾಳಿಂಬೆ, ಒಣ ಟೊಂಗೆ, ಜಾಲಿಯಂಥ ಗಟ್ಟಿ ಕಟ್ಟಿಗೆಗೆ. ಒಂದೇ ಕೊಳ್ಳೋದಾದರೆ 8ರ ಹತ್ತಿರದ್ದು. ಉದ್ದಕ್ಕೂ ಲೆಕ್ಕ ಇದೆ: ಟೊಂಗೆಯ ದಪ್ಪದ ಎರಡರಷ್ಟಾದರೂ ಅಲಗು ಇರಬೇಕು, ಮೂರರಷ್ಟಿದ್ದರೆ ಸುಖ. 9 ಸೆಂ.ಮೀ. ಟೊಂಗೆಗೆ 27 ಸೆಂ.ಮೀ. ಅಲಗು ಹಾಕಿದರೆ ಪ್ರತಿ ಎಳೆತಕ್ಕೆ 18 ಸೆಂ.ಮೀ. ಓಡಾಟ ಸಿಗುತ್ತೆ. 18 ಸೆಂ.ಮೀ.ನ ಪುಟ್ಟ ಮಡಚುವ ಗರಗಸಕ್ಕೆ ಸಿಗೋದು 9 ಮಾತ್ರ, ಕೈ ಬರೀ ಕುಟ್ಟಿದ ಹಾಗಾಗುತ್ತೆ.

ಹಲ್ಲಿನ ತುದಿ ನೀಲಿಗಪ್ಪಾಗಿದ್ದರೆ ಅದಕ್ಕೆ ಕಾವು ಕೊಟ್ಟು ಗಟ್ಟಿ ಮಾಡಿದ್ದಾರೆ ಅಂತ. ಬಹಳ ದಿನ ಚೂಪಾಗಿರುತ್ತೆ, ಆದರೆ ಅರ ಹಾಕಿದರೆ ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತೆ. ಮೊಂಡಾದ ಮೇಲೆ ಅಲಗನ್ನೇ ಬದಲಿಸಬೇಕು. ಬದಲಿ ಅಲಗು ಬಿಡಿಯಾಗಿ ಸಿಗುತ್ತಾ ಅಂತ ಕೇಳದೆ ಕೊಳ್ಳಬೇಡಿ. ಜಪಾನಿನ ಸಿಲ್ಕಿ ಕಂಪನಿಯ ಥರದವು ಸಾವಿರಗಳ ಲೆಕ್ಕದಲ್ಲಿವೆ, ನಮ್ಮ ದೇಶದವು ನೂರುಗಳ ಲೆಕ್ಕದಲ್ಲಿ ಸಿಗುತ್ತವೆ. ಹೊಸ ಆಳುಗಳ ಕೈಗೆ ಮೊದಲ ಹಂಗಾಮಿಗೆ ಅಗ್ಗದ್ದೇ ಕೊಡಿ. ತಳ್ಳುವಾಗ ಒತ್ತುವ ಅಭ್ಯಾಸ ಹೋಗುವವರೆಗೆ ಎರಡು ಅಲಗಾದರೂ ಬಾಗುತ್ತವೆ.

ತುಂಗಭದ್ರಾ_ಎಡದಂಡೆ, ಸಿಂಧನೂರು

ಮ್ಯಾಲಿನವ್ರು ಹೇಳಿದ್ದು ಖರೆ ಐತ್ರಿ. ಬ್ಯಾಟರಿ ಮಷೀನಿನ ಬಗ್ಗೆ ನಾನು ಹೇಳ್ತೀನಿ, ಯಾಕಂದ್ರ ಅದರಾಗ ಮೋಸ ಭಾಳ ಅದಾವ.

ಡಬ್ಬಿ ಮ್ಯಾಲೆ 21 ವೋಲ್ಟ್ ಅಂತ ಇರ್ತೈತಿ. ಒಳಗ ಐದು ಸೆಲ್, ಪೂರ್ತಿ ಚಾರ್ಜ್ ಆದಾಗ ಒಂದೊಂದು 4.2 ವೋಲ್ಟ್, ಅಲ್ಲಿಗೆ 21. ಕೆಲಸಾ ಮಾಡೂವಾಗ 18ರ ಆಜುಬಾಜು ಇರ್ತೈತಿ. 36, 48, 88 ಅಂತ ಬರದಿದ್ದ ಅಗ್ಗದ ಬ್ಯಾಟರಿ ಬಿಚ್ಚಿ ನೋಡ್ರಿ, ಸಾಧಾರಣ ಅವೇ ಐದು ಸೆಲ್ ಇರ್ತಾವ. 2 ಆಂಪಿಯರ್-ಅವರ್ ಇದ್ರ 18×2, ಅಂದ್ರ 36 ವ್ಯಾಟ್-ಅವರ್. ಮೋಟರ್ 500 ವ್ಯಾಟ್ ಎಳದ್ರ ಪೂರ್ತಿ ಲೋಡ್ ಮ್ಯಾಲೆ ನಾಕು ನಿಮಿಷದ ಮ್ಯಾಲೆ ಸ್ವಲ್ಪ, ಅಷ್ಟ. ನಡುನಡುವ ನಿಲ್ಲಿಸಿ ಕೊಯ್ತೀರಿ, ಅದಕ್ಕ ಹೆಚ್ಚು ಬಂದಂಗ ಕಾಣತೈತಿ. ದಿನದ ಕೆಲಸಕ್ಕ ನಾಕು ಬ್ಯಾಟರಿ ಇಲ್ದ ಸಾಗಂಗಿಲ್ಲ. ಬಿಸಿ ಬ್ಯಾಟರಿನ ಹಂಗ ಚಾರ್ಜಿಗೆ ಹಚ್ಚಬ್ಯಾಡ್ರಿ, ಗಿಡದ ನೆರಳಾಗ ತಾಸೊತ್ತು ಇಟ್ಟು ಆಮ್ಯಾಲೆ ಹಚ್ರಿ. ನಮ್ಮ ಕಡೆ ಬ್ಯಾಸಿಗ್ಯಾಗ ತಗಡಿನ ಶೆಡ್ಡಿನೊಳಗ ಚಾರ್ಜ್ ಮಾಡಿದ್ರ ಸೆಲ್ ಲಗೂನ ಸಾಯ್ತಾವ.

ಅಗ್ಗದ್ದರಾಗ ಚೈನಿಗೆ ಎಣ್ಣಿ ತಾನಾಗೆ ಬರಂಗಿಲ್ಲ, ಇಲ್ಲಾ ಬಂದ್ರೂ ಸರಿಯಾಗಿ ಬರಂಗಿಲ್ಲ. ಐದಾರು ಟೊಂಗಿಗೊಮ್ಮೆ ನಿಲ್ಲಿಸಿ, ಬ್ಯಾಟರಿ ತಗದು, ಬಾರಿನ (ಚೈನ್ ಓಡೂ ಪಟ್ಟಿ) ಸಂದಿಗೆ ನಾಕು ಹನಿ ಬಿಡ್ರಿ. ಟ್ರ್ಯಾಕ್ಟರಿಂದ ತಗದ ಕರೀ ಎಣ್ಣಿ ಬ್ಯಾಡ, ಅದರಾಗಿನ ಕಬ್ಬಿಣದ ಪುಡಿ ಬಾರನ್ನ ತಿಂತೈತಿ. ಹೊಸ ಚೈನ್ ಮೊದಲ ಅರ್ಧ ತಾಸಿನಾಗ ಸಡಲ ಆಗತೈತಿ, ಬಿಗೀರಿ. ಬಿಸಿ ಇದ್ದಾಗ ಬಿಗದಿದ್ರ ಕೆಲಸ ಮುಗದ ಮ್ಯಾಲೆ ಸಡಲ ಬಿಡ್ರಿ, ಯಾಕಂದ್ರ ಆರಿದ ಮ್ಯಾಲೆ ಕುಗ್ಗಿ ಬಾರ್ ಹಿಡ್ಕೋತೈತಿ.

ಹಗುರ ಐತಿ ಅಂತ ಎಲ್ಲಾರೂ ಒಂದೇ ಕೈಲೆ ಹಿಡೀತಾರ, ಇನ್ನೊಂದು ಕೈಲೆ ಟೊಂಗಿ ಹಿಡೀತಾರ. ಬಾರಿನ ತುದಿ ಇನ್ನೊಂದು ಟೊಂಗಿಗೆ ತಾಗಿದ್ರ ಮಷೀನ್ ಮ್ಯಾಲಕ್ಕ ಒದೀತೈತಿ, ಟೊಂಗಿ ಹಿಡದ ಕೈನ ಅಲ್ಲಿರ್ತೈತಿ. ಸ್ಟಿಲ್ ಕಂಪನಿಯ ಜಿಟಿಎ 26 ಅಂಥಾ ಮಷೀನು ಬ್ಯಾಟರಿ ಬಿಟ್ಟು 1.2 ಕಿಲೋ, ಮ್ಯಾಲೆ ಮುಚ್ಚಳ ಇರ್ತೈತಿ. ಅದನ್ನ ಹಿಡದ್ರೂ ಇನ್ನೊಂದು ಕೈಲೆ ಟೊಂಗಿ ಹಿಡೀಬ್ಯಾಡ್ರಿ. ಏಣಿ ಮ್ಯಾಲೆ ನಿಂತು ಯಾವ ಚೈನ್‌ಸಾನೂ ಬ್ಯಾಡ.

ಮಸಾರಿ_ತೋಟ, ಕುಷ್ಟಗಿ

ಹಾಗಾದರೆ ಕೈಗರಗಸವೇ ಸರಿ. ಇನ್ನೆರಡು ಕೇಳಬೇಕು. ದಾಳಿಂಬೆಯಲ್ಲಿ ಅಲ್ಲಲ್ಲಿ ದುಂಡಾಣು ಅಂಗಮಾರಿ ರೋಗ ಇದೆ, ಅದೇ ಗರಗಸ ಮಾವಿಗೂ ಬಳಸಬಹುದಾ? ಇನ್ನೊಂದು, ಎಷ್ಟು ಚೂಪಿದ್ದರೂ ಅರ್ಧ ಕೊಯ್ದ ಮೇಲೆ ಅಲಗು ಸಿಕ್ಕಿಬೀಳುತ್ತಲ್ಲ, ಅದು ಯಾಕೆ?

ಗಾಯ_ಮಾಯ, ಸಂಡೂರು

ಎರಡನೇದು ಮೊದಲು. ಟೊಂಗೆಯ ಭಾರ ತುದಿಯಲ್ಲಿದೆ. ಮೇಲಿಂದ ಕೊಯ್ದರೆ ಕೊಯ್ತ ಬಾಯಿ ತೆರೆಯುತ್ತೆ, ಅಲಗು ಸಿಗಲ್ಲ, ಆದರೆ ಕೊನೆಗೆ ಟೊಂಗೆ ತನ್ನ ಭಾರಕ್ಕೆ ಮುರಿದು ಕೆಳಗಿನ ತೊಗಟೆಯನ್ನ ಕಾಂಡದವರೆಗೂ ಸುಲಿದುಕೊಂಡು ಬೀಳುತ್ತೆ. ಕೆಳಗಿಂದ ಕೊಯ್ದರೆ ಬಾಯಿ ಮುಚ್ಚುತ್ತೆ, ಅಲಗು ಸಿಗುತ್ತೆ. ನೀವು ಕೆಳಗಿಂದಲೋ ಪಕ್ಕದಿಂದಲೋ ಬಹಳ ಒಳಗೆ ಹೋಗ್ತಿದ್ದೀರಿ. ಸಿಕ್ಕಾಗ ಅಲಗನ್ನ ತಿರುಚಬೇಡಿ, ಎಳೆಯುವ ಗರಗಸ ಮುರಿಯೋದೇ ಆಗ. ಒಬ್ಬರು ಟೊಂಗೆಯ ತುದಿ ಎತ್ತಿ ಹಿಡಿದರೆ ಬಾಯಿ ತೆರೆಯುತ್ತೆ, ಮೆಲ್ಲಗೆ ಹೊರಗೆ ತೆಗೆಯಿರಿ.

4 ಸೆಂ.ಮೀ. ದಾಟಿದ ಟೊಂಗೆಗೆ ಮೂರು ಕೊಯ್ತ. ಕಾಂಡದಿಂದ ಒಂದು ಗೇಣು ದೂರದಲ್ಲಿ ಕೆಳಗಿಂದ ದಪ್ಪದ ಕಾಲು ಭಾಗದಷ್ಟು. ಅದರಿಂದ ಎರಡು ಬೆರಳು ಹೊರಗೆ ಮೇಲಿಂದ ಪೂರ್ತಿ, ಟೊಂಗೆ ಸುಲಿಯದೆ ಮುರಿದು ಬೀಳುತ್ತೆ. ಉಳಿದ ಮೋಟನ್ನ ಮೂರನೇ ಕೊಯ್ತದಲ್ಲಿ ತೆಗೆಯಿರಿ. ಇದನ್ನ ಎಲ್ಲಿ ಹಾಕಬೇಕು ಅನ್ನೋದಕ್ಕೆ ಗಿಡದ ಹತ್ತಿರ ಮುಖ ಇಟ್ಟು ನೋಡಿ: ಟೊಂಗೆ ಹುಟ್ಟುವ ಕಡೆ ಕೆಳಗೆ ಉಬ್ಬಿದ ಬಳೆ ಇರುತ್ತೆ, ಮೇಲ್ಗಡೆ ಕವಲಿನ ಸಂದಿನಲ್ಲಿ ತೊಗಟೆ ಸುಕ್ಕುಗಟ್ಟಿದ ಕಪ್ಪು ಗೆರೆ ಇರುತ್ತೆ. ಗೆರೆಯ ಹೊರಗೆ ಶುರು ಮಾಡಿ ಬಳೆಯ ಹೊರಗೆ ಮುಗಿಸಿ. ಕಾಂಡಕ್ಕೆ ಸಮ ಮಾಡಿ ಆ ಬಳೆಯನ್ನೂ ಕೊಯ್ದರೆ ಗಾಯ ದೊಡ್ಡದಾಗುತ್ತೆ, ಮುಚ್ಚೋದು ನಿಧಾನ. ಮೋಟು ಬಿಟ್ಟರೆ ಅದು ಒಣಗಿ ಒಳಗೆ ಕೊಳೆ ಇಳಿಯುತ್ತೆ. 15 ಸೆಂ.ಮೀ. ಬೇವಿಗೂ ಇದೇ ಕ್ರಮ, 33 ಸೆಂ.ಮೀ.ನ ಬಾಗಿದ ಅಲಗು ಸಾಕು.

ಇನ್ನು ದಾಳಿಂಬೆ. ಗರಗಸ ಬೇರೆಯೇ ಇಡಿ, ಅದೂ ಮಡಚುವುದಲ್ಲ, ಒರೆಗೆ ಹಾಕುವ ನೆಟ್ಟನೆಯ ಅಲಗಿನದ್ದು. ಒತ್ತಾದ ಕಾಂಡಗಳ ನಡುವೆ ಬಾಗಿದ ಅಲಗಿನ ತುದಿ ಪಕ್ಕದ ಕಾಂಡ ಗೀರುತ್ತೆ. ಮಡಚುವ ಗರಗಸದ ಕೀಲಿನೊಳಗೆ ಹೊಕ್ಕ ಹೊಟ್ಟಿಗೆ ಔಷಧಿ ತಾಗಲ್ಲ, ಮತ್ತೆ ಅಲ್ಲಿಂದಲೇ ತುಕ್ಕು ಶುರು. ಗಿಡದಿಂದ ಗಿಡಕ್ಕೆ ಹೋಗುವಾಗ 1% ಸೋಡಿಯಂ ಹೈಪೋಕ್ಲೋರೈಟಿನಲ್ಲಿ (ಬ್ಲೀಚ್ ದ್ರಾವಣ) ಅಲಗು ಅದ್ದಿ. ಡಬ್ಬಿ ಮೇಲೆ 4% ಅಂತಿದ್ದರೆ 1 ಲೀಟರಿಗೆ 3 ಲೀಟರ್ ನೀರು. ಎರಡು ಗರಗಸ ಇಟ್ಟುಕೊಂಡರೆ ಒಂದು ಬಕೆಟ್ಟಿನಲ್ಲಿ, ಒಂದು ಕೈಯಲ್ಲಿ. ಬಿಸಿಲಿಗೂ ಹೊಟ್ಟಿಗೂ ಆ ನೀರಿನ ಶಕ್ತಿ ಇಳಿಯುತ್ತೆ, ಮಧ್ಯಾಹ್ನ ಹೊಸದು ಮಾಡಿ. ಸಂಜೆ ತೊಳೆದು ಒರೆಸಿ ಎಣ್ಣೆ ಹಚ್ಚದಿದ್ದರೆ ಬೆಳಗ್ಗೆಗೆ ಅಲಗು ಕೆಂಪಗಾಗಿರುತ್ತೆ. ರೋಗದ ಕಲೆ ಇರುವ ಟೊಂಗೆಯನ್ನ ಕಲೆಗಿಂತ 5 ಸೆಂ.ಮೀ. ಕೆಳಗೆ ಕೊಯ್ದು, ತೋಟದಿಂದ ಹೊರಗೆ ಒಯ್ದು ಸುಡಿ. ಅಂಗಮಾರಿ ಇರುವ ತೋಟಕ್ಕೆ ಚೈನ್‌ಸಾ ತರಲೇಬೇಡಿ, ಚೈನಿನ ಕೀಲುಗಳನ್ನ ಗಿಡಕ್ಕೊಮ್ಮೆ ತೊಳೆಯೋದು ಆಗದ ಮಾತು.

ಗಾಯಕ್ಕೆ ಬೋರ್ಡೊ ಮುಲಾಮು: 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, ಒಟ್ಟು 10 ಲೀಟರ್ ನೀರು. ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ ಆಮೇಲೆ ಕೂಡಿಸಿ. ಹೊಳೆಯುವ ಕುಡಗೋಲು ಒಂದು ನಿಮಿಷ ಅದ್ದಿ ನೋಡಿ, ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು ಅಂತ.

ಹಲ್ಲು_ಲೆಕ್ಕ, ಗಂಗಾವತಿ

ಮೇಲಿನದಕ್ಕೆ ಒಂದು ಸೇರಿಸ್ತೀನಿ. ಮಾವಿನ ಸೊನೆ ಹಸಿ ಇದ್ದಾಗಲೇ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ. ಒಣಗಿದರೆ ವಾರ್ನಿಷ್ ಥರ ಕೂರುತ್ತೆ, ಆಮೇಲೆ ಹೊಸ ಗರಗಸವೂ ಹಳೇದರ ಹಾಗೆ ಎಳೆಯುತ್ತೆ. ಸೊನೆ ಚರ್ಮವನ್ನೂ ಸುಡುತ್ತೆ, ಉದ್ದ ತೋಳಿನ ಅಂಗಿ ಇರಲಿ.

ಕೋಲಿನ ಗರಗಸ ಕೊಂಡರೆ ಮೊದಲು ಪೂರ್ತಿ ಉದ್ದ ಮಾಡಿ ಅಡ್ಡಡ್ಡ ಹಿಡಿದು ನೋಡಿ. 4–5 ಮೀಟರ್ ಆದಾಗ ತುದಿ ತೂಗಾಡಿದರೆ ಹಲ್ಲು ಕೊಯ್ತದಲ್ಲಿ ನಿಲ್ಲಲ್ಲ, ಪ್ರತಿ ಎಳೆತವೂ ಹೊಸ ಜಾಗಕ್ಕೆ ಬೀಳುತ್ತೆ. ಟೊಂಗೆಯ ನೇರ ಕೆಳಗೆ ನಿಲ್ಲದೆ ಎರಡು ಹೆಜ್ಜೆ ಪಕ್ಕಕ್ಕೆ ನಿಲ್ಲಿ, ಕಣ್ಣಿಗೆ ಕನ್ನಡಕ ಇರಲಿ.

ಬದುವಿನ ಬೇವಿನ ಮೇಲೆ ತಂತಿ ಹಾದಿದ್ದರೆ ಅಲ್ಯೂಮಿನಿಯಂ ಕೋಲು ಬೇಡವೇ ಬೇಡ. ಬಿದಿರಾದರೆ ಪರವಾಗಿಲ್ಲ ಅಂತಾರೆ, ಹಸಿ ಅಥವಾ ಮಳೆಗೆ ನೆಂದ ಬಿದಿರಿನಲ್ಲೂ ಕರೆಂಟ್ ಹಾಯುತ್ತೆ. ಜೆಸ್ಕಾಂನವರಿಗೆ ಹೇಳಿ ಲೈನ್ ಬಂದ್ ಮಾಡಿಸಿಯೇ ಆ ಟೊಂಗೆಗೆ ಕೈ ಹಾಕಿ.

ಮಸಾರಿ_ತೋಟ, ಕುಷ್ಟಗಿ

ಮಾವಿಗೆ 30 ಸೆಂ.ಮೀ. ಬಾಗಿದ್ದು ಎರಡು, ದಾಳಿಂಬೆಗೆ 24ರ ನೆಟ್ಟನೆಯದು ಎರಡು, ಬೇವಿಗೆ 33ರದ್ದು ಒಂದು ಅಂತ ಬರೆದುಕೊಂಡೆ. ಬಳ್ಳಾರಿ ಜಾಲಿಗೆ?

ತುಂಗಭದ್ರಾ_ಎಡದಂಡೆ, ಸಿಂಧನೂರು

ಅದಕ್ಕ ನಿಮ್ಮ ಕೊಡಲೀನ ಸಾಕ್ರಿ. ಚಾಟನಿ ಮಾಡಿದಷ್ಟೂ ಒತ್ತಾಗಿ ಚಿಗೀತೈತಿ, ಬೇರು ಸಮೇತ ಕೀಳ್ರಿ.