ಕವರೇಜ್ ವರದಿ ಪೂರ್ತಿ ಹಸಿರು, ಆದರೂ ಕೋಡ್‌ನಲ್ಲಿ ತಪ್ಪು: ವಿದ್ಯಾರ್ಥಿಗಳಿಗೆ ಬಣ್ಣದ ಅರ್ಥ ತಿಳಿಸುವುದು ಹೇಗೆ?

ಪ್ರಶ್ನೆ:
ಪೈಥಾನ್ ತರಗತಿಗೆ ಪೈಟೆಸ್ಟ್ (ಟೆಸ್ಟ್ ಓಡಿಸುವ ಉಪಕರಣ) ಮತ್ತು ಕವರೇಜ್ ಡಾಟ್ ಪಿವೈ (ಟೆಸ್ಟ್‌ನಲ್ಲಿ ಕೋಡ್‌ನ ಯಾವ ಸಾಲು ಓಡಿತು ಎಂದು ಬಣ್ಣದಲ್ಲಿ ತೋರಿಸುವ ಉಪಕರಣ; ಓಡಿದ್ದು ಹಸಿರು, ಓಡದ್ದು ಕೆಂಪು) ಬಳಸುತ್ತಿದ್ದೇವೆ. ಎರಡು ತೊಡಕು. ಎಲ್ಲ ಸಾಲೂ ಹಸಿರಾದರೆ ಟೆಸ್ಟ್ ಬರೆದು ಮುಗಿಯಿತು ಎಂದುಕೊಳ್ಳುತ್ತಾರೆ. ಇನ್ನು ಕೆಲವರಿಗೆ ಕೆಂಪು, ಹಸಿರಿನ ವ್ಯತ್ಯಾಸವೇ ಕಾಣುವುದಿಲ್ಲ.

ಉತ್ತರ 1:
ಹಸಿರು ಎಂದರೆ ಆ ಸಾಲು ಓಡಿದೆ ಎಂದಷ್ಟೇ, ಸರಿಯಾಗಿದೆ ಎಂದಲ್ಲ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸಿ. ನಾಲ್ಕೇ ಸಾಲಿನ ಫಂಕ್ಷನ್ ಸಾಕು: ಡೆಫ್ ಸಾಲು, ಎನ್ ಸೊನ್ನೆಗಿಂತ ಕಡಿಮೆಯೇ ಎನ್ನುವ ಇಫ್, ಅದರೊಳಗೆ ಎನ್‌ನ ಚಿಹ್ನೆ ಬದಲಿಸುವ ಸಾಲು, ಕೊನೆಗೆ ರಿಟರ್ನ್. ಮೈನಸ್ 5 ಕೊಟ್ಟು, ಉತ್ತರ 5 ಬಂತೇ ಎಂದು ಅಸರ್ಟ್‌ನಿಂದ ಪರೀಕ್ಷಿಸುವ ಒಂದೇ ಟೆಸ್ಟ್ ಬರೆಯಿರಿ. ಆ ಫೈಲನ್ನು ಮಾತ್ರ ಅಳೆದರೆ 100% ಬರುತ್ತದೆ.

ಈಗ ಅಸರ್ಟ್ ಅಳಿಸಿ, ಫಂಕ್ಷನ್ ಕರೆಯುವ ಸಾಲನ್ನು ಮಾತ್ರ ಉಳಿಸಿ ಮತ್ತೆ ಓಡಿಸಿ. ಒಂದು ಬಣ್ಣವೂ ಬದಲಾಗುವುದಿಲ್ಲ. ಚಿಹ್ನೆ ಬದಲಿಸುವ ಸಾಲಿನ ಮೈನಸ್ ತೆಗೆದುಹಾಕಿ. ಫಂಕ್ಷನ್ ಕೆಟ್ಟರೂ ಟೆಸ್ಟ್ ಪಾಸ್, ವರದಿ ಹಸಿರು. ಅಸರ್ಟ್ ವಾಪಸ್ ಹಾಕಿದ ಕೂಡಲೇ ಟೆಸ್ಟ್ ಫೇಲ್ ಆಗುತ್ತದೆ. ಈ ಕ್ರಮ ತಪ್ಪಿಸಬೇಡಿ, ಪಾಠವೆಲ್ಲ ಇರುವುದು ಇಲ್ಲೇ.

ಆಮೇಲೆ ಕೋಡ್ ಸರಿಪಡಿಸಿ ಬ್ರಾಂಚ್ ಆಯ್ಕೆ (ಇಫ್‌ನ ಎರಡೂ ಕವಲು ಓಡಿದವೇ ಎಂದೂ ಅಳೆಯುವುದು) ಹಾಕಿ ಓಡಿಸಿ. ಇಫ್ ಸಾಲು ಹಳದಿಯಾಗುತ್ತದೆ, ಅಂದರೆ ಅರ್ಧ ಮಾತ್ರ ಓಡಿದೆ, ಅಂಕ 83%ಕ್ಕೆ ಇಳಿಯುತ್ತದೆ: 4 ಸಾಲು, 2 ಕವಲು, ಒಟ್ಟು 6ರಲ್ಲಿ 5 ಮಾತ್ರ ಓಡಿವೆ. ಧನ ಸಂಖ್ಯೆಯ ಟೆಸ್ಟ್ ಸೇರಿಸಿದರೆ ಹಳದಿ ಹೋಗುತ್ತದೆ.

ಉತ್ತರ 2:
ಬಣ್ಣದ ವಿಚಾರಕ್ಕೆ: ಬರೀ ಬಣ್ಣ ಬದಲಿಸಿದರೆ ಸಾಲದು, ವರದಿಯಲ್ಲಿ ಸಾಲಿನ ಎಡಕ್ಕಿರುವ ಗೆರೆಯ ಆಕಾರವೂ ಬೇರೆಯಾಗಬೇಕು. ಓಡಿದ ಸಾಲಿಗೆ ನೀಲಿ ಬಣ್ಣದ ತೆಳು ಗೆರೆ (ಆರ್‌ಜಿಬಿ ಬಣ್ಣಸಂಖ್ಯೆ 0, 114, 178), ಓಡದ್ದಕ್ಕೆ ದಪ್ಪ ಕಿತ್ತಳೆಗೆಂಪು (213, 94, 0), ಅರ್ಧ ಓಡಿದ್ದಕ್ಕೆ ಚುಕ್ಕಿ ಗೆರೆ. ಇವನ್ನು ಒಂದು ಸಿಎಸ್ಎಸ್ (ಪುಟದ ನೋಟ ನಿರ್ಧರಿಸುವ) ಫೈಲ್‌ನಲ್ಲಿ ಬರೆದು, ಕವರೇಜ್‌ನ ಕಾನ್ಫಿಗ್ ಫೈಲ್‌ನ ಎಚ್‌ಟಿಎಂಎಲ್ ವಿಭಾಗದಲ್ಲಿ ಎಕ್ಸ್‌ಟ್ರಾ ಸಿಎಸ್ಎಸ್ ಸೆಟ್ಟಿಂಗ್‌ಗೆ ಅದರ ಹೆಸರು ಕೊಡಿ. ಹಿನ್ನೆಲೆ ಬಣ್ಣ ಮುಟ್ಟಬೇಡಿ. ಡಾರ್ಕ್ ಮೋಡ್‌ನಲ್ಲಿ ಅಕ್ಷರ ಓದಲಾಗದೆ ಹೋಗಬಹುದು.

ಪ್ರಶ್ನಿಸಿದವರು:
ಸಿಎಸ್ಎಸ್ ಫೈಲ್ ಲೋಡ್ ಆಗುತ್ತಿದೆ, ಗೆರೆ ಮಾತ್ರ ಬದಲಾಗಿಲ್ಲ. ಇನ್ನೊಂದು, ಅದೇ ಫಂಕ್ಷನ್ನನ್ನು ಒಂದೇ ಸಾಲಿನ ಇಫ್-ಎಲ್ಸ್ ಆಗಿ ಬರೆದವರಿಗೆ ಬ್ರಾಂಚ್ ಹಾಕಿದರೂ ಹಳದಿ ಬರುತ್ತಿಲ್ಲ.

ಉತ್ತರ 2:
ನಿಮ್ಮ ಸೆಲೆಕ್ಟರ್ (ಸ್ಟೈಲ್ ಪುಟದ ಯಾವ ಭಾಗಕ್ಕೆ ಎಂದು ಹೇಳುವ ಗುರುತು) ದುರ್ಬಲವಾಗಿರಬೇಕು. ಮೂಲ ಸ್ಟೈಲ್‌ನಲ್ಲಿ ಸೋರ್ಸ್ ಎಂಬ ಐಡಿ ಮುಂದಿದೆ, ಬರೀ ಕ್ಲಾಸ್ ಹೆಸರು ಅದನ್ನು ಮೀರಿಸದು. ವರದಿಯ ಫೋಲ್ಡರ್‌ನಲ್ಲಿರುವ ಸ್ಟೈಲ್ ಫೈಲ್‌ನಿಂದ ಸೆಲೆಕ್ಟರ್ ಪೂರ್ತಿ ನಕಲಿಸಿ.

ಉತ್ತರ 1:
ಉಪಕರಣ ಅಳೆಯುವುದು ಒಂದು ಸಾಲಿನಿಂದ ಇನ್ನೊಂದಕ್ಕೆ ಆಗುವ ಜಿಗಿತವನ್ನು. ಎರಡೂ ದಾರಿ ಒಂದೇ ಸಾಲಿನಲ್ಲಿದ್ದರೆ ಜಿಗಿತವೇ ಇಲ್ಲ. ಆಂಡ್, ಆರ್ ಸೇರಿಸಿದ ಷರತ್ತುಗಳಲ್ಲೂ ಇದೇ ಕಥೆ. ಕಲಿಕೆಯ ಕೋಡ್‌ನಲ್ಲಿ ಇಫ್, ಎಲ್ಸ್ ಬೇರೆ ಬೇರೆ ಸಾಲಿನಲ್ಲಿ ಬರೆಸಿ, ಹಳದಿ ಬರುತ್ತದೆ.