ಕೆಲಸ ಮುಂದಕ್ಕೆ ಹಾಕುವುದು: ಸೈಕಾಲಜಿಸ್ಟ್ ಜೊತೆ ಪ್ರಶ್ನೋತ್ತರ

ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಈ ಸಲದ ವಿಷಯ ಕೆಲಸ ಮುಂದಕ್ಕೆ ಹಾಕುವ ಅಭ್ಯಾಸ. ನಮ್ಮ ಗುಂಪಿನ ಸೈಕಾಲಜಿಸ್ಟ್ ಮೇಡಂ ಬಿಡುವಾದಾಗ ಉತ್ತರ ಕೊಡುತ್ತಾರೆ. ನಿಮ್ಮ ಹೆಸರು ಹಾಕಬೇಕಿಲ್ಲ. ಫಾರ್ವರ್ಡ್ ಮೆಸೇಜ್ ಬೇಡ.

ಸಂಶೋಧನಾ ವಿದ್ಯಾರ್ಥಿನಿ: ಮೇಡಂ, ನನ್ನ ಪಿಎಚ್‌ಡಿ ಪ್ರಬಂಧದ ಮೂರನೇ ಅಧ್ಯಾಯ ಒಂದು ವರ್ಷದಿಂದ ಹಾಗೇ ಇದೆ. ಫೈಲ್ ತೆರೆಯುತ್ತೇನೆ. ಅಕ್ಷರದ ಗಾತ್ರ ಬದಲಿಸುತ್ತೇನೆ. ಮೊದಲ ಪ್ಯಾರಾ ಓದಿ ಮುಚ್ಚುತ್ತೇನೆ. ಆಮೇಲೆ ಬಟ್ಟೆ ಕಪಾಟು ಜೋಡಿಸಲು ಹೋಗುತ್ತೇನೆ. ಆದರೆ ಗೆಳತಿಯರ ಅಧ್ಯಾಯ ತಿದ್ದಿಕೊಡಲು ಒಂದು ದಿನವೂ ತಡ ಮಾಡಿಲ್ಲ. ನಾನು ಸೋಮಾರಿನಾ?

ಸೈಕಾಲಜಿಸ್ಟ್: ಅಲ್ಲ. ನೀವು ಬರೆದದ್ದರಲ್ಲಿ ನನಗೆ ಮುಖ್ಯ ಅನಿಸಿದ್ದು ಗೆಳತಿಯರ ಅಧ್ಯಾಯದ ಮಾತು. ಅದಕ್ಕೂ ನಿಮ್ಮ ಅಧ್ಯಾಯಕ್ಕೂ ಬೇಕಾದ ಕೆಲಸ ಒಂದೇ. ಓದಬೇಕು, ಯೋಚಿಸಬೇಕು, ಬರೆಯಬೇಕು. ಅಲ್ಲಿ ತಪ್ಪಾದರೆ ಯಾರೂ ನಿಮ್ಮನ್ನು ಅಳೆಯುವುದಿಲ್ಲ. ಇಲ್ಲಿ ಅಳೆಯುತ್ತಾರೆ. ನಿಮಗೆ ಸಮಯ ಸಾಲದೆ ಇರುವುದಲ್ಲ, ಹೆದರಿಕೆ ಇದೆ.

ಫೈಲ್ ತೆರೆದಾಗ ಎದೆ ಬಿಗಿಯುತ್ತೆ, ಅಲ್ವಾ? ಮುಚ್ಚಿದ ತಕ್ಷಣ ಹಗುರ ಆಗುತ್ತೆ. ಆ ಹಗುರವಾಗುವುದೇ ಅಭ್ಯಾಸವನ್ನು ಗಟ್ಟಿ ಮಾಡುತ್ತದೆ. ಮುಂದಿನ ಸಲ ಎದೆ ಬಿಗಿಯುವ ಮೊದಲೇ ಕೈ ಕಪಾಟಿನ ಕಡೆ ಹೋಗುತ್ತದೆ. ಫ್ಯೂಷಿಯಾ ಸಿರೋಯಿಸ್, ತಿಮೊತಿ ಪಿಚಿಲ್ ಎಂಬ ಇಬ್ಬರು ಸಂಶೋಧಕರು 2013ರಲ್ಲಿ ವಾದಿಸಿದ್ದು ಇದನ್ನೇ. ಜನ ಮುಂದಕ್ಕೆ ಹಾಕುವುದು ಕೆಲಸವನ್ನಲ್ಲ, ಆ ಕೆಲಸ ಎಬ್ಬಿಸುವ ಕಿರಿಕಿರಿಯನ್ನು.

ಆದ್ದರಿಂದ ಇನ್ನೊಂದು ಟೈಮ್‌ಟೇಬಲ್ ಬರೆಯಬೇಡಿ. ಅದೂ ಕಪಾಟು ಜೋಡಿಸುವ ಕೆಲಸವೇ. ಯಾವ ಗಳಿಗೆಯಲ್ಲಿ ಏನು ಮಾಡುತ್ತೀರಿ ಅನ್ನುವುದನ್ನು ಒಂದೇ ಸಾಲಿನಲ್ಲಿ ಬರೆದಿಡಿ. "ಬೆಳಗಿನ ಸ್ನಾನ ಆದ ಕೂಡಲೇ ಮೇಜಿನ ಮುಂದೆ ಕೂತು, ಅಧ್ಯಾಯದ ಅತಿ ಸುಲಭದ ಭಾಗದಲ್ಲಿ ಐದು ಕೆಟ್ಟ ವಾಕ್ಯ ಬರೆಯುತ್ತೇನೆ." ಕೆಟ್ಟ ವಾಕ್ಯ ಅಂದಿದ್ದು ಬೇಕಂತಲೇ. ಚೆನ್ನಾಗಿ ಬರೆಯಬೇಕು ಅಂತ ಕೂತರೆ ಮತ್ತೆ ಅಕ್ಷರದ ಗಾತ್ರಕ್ಕೇ ಹೋಗುತ್ತೀರಿ. "ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ" ಅನ್ನುವ ಈ ಬಗೆಯ ನಿರ್ಧಾರವನ್ನು ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದ ಅಧ್ಯಯನ ಮಾಡಿದ್ದಾರೆ. "ಈ ವಾರ ಅಧ್ಯಾಯ ಮುಗಿಸ್ತೀನಿ" ಅನ್ನುವುದಕ್ಕಿಂತ ಇದು ಎಷ್ಟೋ ಮೇಲು.

ಐದು ವಾಕ್ಯ ಆದ ಮೇಲೂ ಎದೆ ಬಿಗಿದೇ ಇದ್ದರೆ ಎದ್ದು ಹೋಗಿ, ಅಡ್ಡಿಯಿಲ್ಲ. ಎರಡು ಪುಟ ಆದಾಗ, ತಿದ್ದದೆ, ಗೈಡ್‌ಗೆ ತೋರಿಸಿ. ಒಂದು ವರ್ಷದಿಂದ ಅವರ ಕಣ್ಣು ತಪ್ಪಿಸುತ್ತಿದ್ದೀರಿ ಅಂತ ನನ್ನ ಊಹೆ.

ಸಂಶೋಧನಾ ವಿದ್ಯಾರ್ಥಿನಿ: ಹೌದು ಮೇಡಂ. ಅವರ ಇಮೇಲ್ ಬಂದರೆ ತೆರೆಯುವುದೇ ಇಲ್ಲ.

ಇಬ್ಬರು ಮಕ್ಕಳ ತಂದೆ: ಕ್ಷಮಿಸಿ ಮೇಡಂ, ಇದೆಲ್ಲ ನೆಪ ಅನ್ಸುತ್ತೆ. ಎದೆ ಬಿಗಿಯುತ್ತೆ, ಹೆದರಿಕೆ ಆಗುತ್ತೆ ಅಂತ ನಾವೂ ಕೂತಿದ್ದರೆ ಮನೆ ನಡೀತಿರಲಿಲ್ಲ. ನಾಲ್ಕು ಮಾತು ಬೈದು ಕೂರಿಸಿದರೆ ಎಲ್ಲರೂ ಬರೀತಾರೆ.

ಕೊನೇ ವರ್ಷದ ಹುಡುಗ: ಸರ್, ನನ್ನನ್ನು ದಿನಾ ಬೈತಾರೆ. ನಾನು ಇನ್ನೂ ಬರೆದಿಲ್ಲ.

ಇಬ್ಬರು ಮಕ್ಕಳ ತಂದೆ: ಹಾಗಾದರೆ ಸರಿಯಾಗಿ ಬೈದಿಲ್ಲ.

ಸೈಕಾಲಜಿಸ್ಟ್: ತಂದೆಯವರೇ, ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ, ಅದನ್ನು ಒಪ್ಪುತ್ತೇನೆ. ಹೊರಗಿನವರು ಗಡುವು ಹಾಕಿದರೆ ಸಹಾಯ ಆಗುತ್ತದೆ. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬರಹದ ತಪ್ಪು ಹುಡುಕುವ ಕೆಲಸ ಕೊಟ್ಟಿದ್ದರು. ಸಮನಾಗಿ ಹಂಚಿದ ಗಡುವುಗಳನ್ನು ಬೇರೆಯವರೇ ಹಾಕಿಕೊಟ್ಟ ಗುಂಪು ಎಲ್ಲರಿಗಿಂತ ಚೆನ್ನಾಗಿ ಮಾಡಿತು. ತಾವೇ ಗಡುವು ಹಾಕಿಕೊಂಡವರು ನಡುವೆ ನಿಂತರು. ಕೊನೆಯಲ್ಲಿ ಒಂದೇ ಗಡುವು ಇದ್ದವರು ಎಲ್ಲರಿಗಿಂತ ಹಿಂದೆ. ಗಡುವು ಹಾಕಿ. ಬೈಗುಳ ಬೇಡ. 2010ರಲ್ಲಿ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದವರು ಪರೀಕ್ಷೆಗೆ ಓದುವುದನ್ನು ಮುಂದಕ್ಕೆ ಹಾಕಿದ ವಿದ್ಯಾರ್ಥಿಗಳನ್ನು ಗಮನಿಸಿದರು. ಆದದ್ದಾಯಿತು ಅಂತ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಬೈಗುಳ ಕಿರಿಕಿರಿ ಹೆಚ್ಚಿಸುತ್ತದೆ. ಹುಡುಗ ಓಡಿಹೋಗುತ್ತಿರುವುದೇ ಆ ಕಿರಿಕಿರಿಯಿಂದ.

ಬ್ಯಾಂಕ್ ಉದ್ಯೋಗಿ: ನನಗೆ ಕೊನೇ ಗಳಿಗೆಯಲ್ಲೇ ಕೆಲಸ ಚೆನ್ನಾಗಿ ಆಗೋದು. ಒತ್ತಡ ಇದ್ದರೇ ತಲೆ ಓಡುತ್ತೆ. ಇದು ತಪ್ಪಾ?

ಸೈಕಾಲಜಿಸ್ಟ್: ಕೊನೇ ಗಳಿಗೆಯಲ್ಲಿ ಮಾತ್ರ ಕೆಲಸ ಮಾಡುವವರಿಗೆ ಹೋಲಿಸಲು ಬೇರೇನೂ ಇರುವುದಿಲ್ಲ. ಡಯಾನ್ ಟೈಸ್, ರಾಯ್ ಬಾಮೈಸ್ಟರ್ 1997ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಮುಂದಕ್ಕೆ ಹಾಕುವ ವಿದ್ಯಾರ್ಥಿಗಳು ಸೆಮಿಸ್ಟರ್ ಶುರುವಿನಲ್ಲಿ ಬೇರೆಯವರಿಗಿಂತ ಆರಾಮಾಗಿದ್ದರು. ಕೊನೆಗೆ ಒತ್ತಡವೂ ಕಾಯಿಲೆಯೂ ಅವರಿಗೇ ಜಾಸ್ತಿ, ಅಂಕವೂ ಕಡಿಮೆ. ಒಂದು ಕೆಲಸವನ್ನು ಬೇಗ ಶುರು ಮಾಡಿ ನೋಡಿ. ಆಮೇಲೆ ಹೇಳಿ.

ಬೆಳಗಿನ ಬೆಳಕು: *ಎಲ್ಲರೂ ಓದಲೇಬೇಕು* ಆಲಸ್ಯಕ್ಕೆ ರಾಮಬಾಣ!! 21 ದಿನ ಬೆಳಿಗ್ಗೆ 4ಕ್ಕೆ ಏಳಿ. 21 ದಿನ ಡೋಪಮೈನ್ ಉಪವಾಸ ಮಾಡಿ. 22ನೇ ದಿನ ಹೊಸ ಮಿದುಳು ನಿಮ್ಮದು. ಹತ್ತು ಜನಕ್ಕೆ ಕಳಿಸಿ.

ಸೈಕಾಲಜಿಸ್ಟ್: ಫಾರ್ವರ್ಡ್ ಬೇಡ ಅಂತ ಮೇಲೆ ಬರೆದಿದೆ. 21 ದಿನಕ್ಕೆ ಅಭ್ಯಾಸ ಕೂರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಭ್ಯಾಸ ತಾನಾಗಿ ನಡೆಯಲು 18ರಿಂದ 254 ದಿನದವರೆಗೆ ಬೇಕು ಅನ್ನುವ ಲೆಕ್ಕ ಬಂತು. ಮಧ್ಯದ ಅಂಕಿ 66. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ. ನಿಮ್ಮ ಮೆಸೇಜ್ ನಂಬಿದವರು 22ನೇ ದಿನ ಹೊಸ ಮಿದುಳು ಕಾಣದೆ "ನಾನೇ ಸರಿಯಿಲ್ಲ" ಅಂದುಕೊಳ್ಳುತ್ತಾರೆ. ಅಂಥವರೇ ನನ್ನ ಹತ್ತಿರ ಬರುವುದು. ಇನ್ನು ಡೋಪಮೈನ್ ನಿಮ್ಮ ದೇಹ ನಡೆಯಲಿಕ್ಕೆ ಬೇಕಾದ ರಾಸಾಯನಿಕ. ಅದರ ಉಪವಾಸ ಮಾಡಲು ಬರುವುದಿಲ್ಲ.

ಬೆಳಗಿನ ಬೆಳಕು: ಒಳ್ಳೇದಾಗಲಿ ಅಂತ ಹಾಕಿದ್ದು ಮೇಡಂ. ಇಷ್ಟು ಖಾರ ಬೇಕಿರಲಿಲ್ಲ.

ಗೃಹಿಣಿ: ಮೇಡಂ, ಕೆಲಸಕ್ಕೆ ಕೂತರೆ ಕೈ ಮೊಬೈಲ್‌ಗೆ ಹೋಗುತ್ತೆ. ಏನು ಮಾಡಲಿ?

ಸೈಕಾಲಜಿಸ್ಟ್: ಫೋನನ್ನು ಬೇರೆ ಕೋಣೆಯಲ್ಲಿಡಿ. ಮಗುಚಿಟ್ಟರೆ ಸಾಲದು, ಕಣ್ಣಿಗೇ ಬೀಳಬಾರದು.

ಸಣ್ಣವಳ ಅಪ್ಪ: ನನ್ನ ಮಗಳಿಗೆ 7 ವರ್ಷ. ಹೋಂವರ್ಕ್ ಅಂದರೆ ನೀರು ಕುಡಿಯಬೇಕು, ಪೆನ್ಸಿಲ್ ಚೂಪು ಮಾಡಬೇಕು ಅಂತ ಒಂದು ಗಂಟೆ ಕಳೀತಾಳೆ. ಈಗಲೇ ಸರಿ ಮಾಡಬೇಕಾ?

ಕೊನೇ ವರ್ಷದ ಹುಡುಗ: ಮೇಡಂ, ವಿಡಿಯೋ ನೋಡಿ ನನಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ತೊಂದರೆ, ಇರಬಹುದು ಅನ್ನಿಸಿದೆ. ನನ್ನ ರೂಮ್‌ಮೇಟ್‌ಗೆ ಡಾಕ್ಟರು ಅದಕ್ಕೇ ಮಾತ್ರೆ ಬರೆದುಕೊಟ್ಟಿದ್ದಾರೆ. ಅವನ ಹತ್ತಿರ ಎರಡು ತಗೊಂಡೆ. ಬೈದರೂ ಬರೆಯದಿದ್ದ ಪ್ರಾಜೆಕ್ಟ್ ರಿಪೋರ್ಟನ್ನು ಆ ರಾತ್ರಿ ಒಂದೇ ಕೂತಲ್ಲಿ ಬರೆದೆ. ಅಂದರೆ ನನಗೆ ಇದೆ ಅಂತಾನಾ?

ಸೈಕಾಲಜಿಸ್ಟ್: ಮೊದಲು ಮಾತ್ರೆ ನಿಲ್ಲಿಸಿ. ಆ ಮಾತ್ರೆಗಳು ಎಡಿಎಚ್‌ಡಿ ಇಲ್ಲದವರನ್ನೂ ಎಚ್ಚರವಾಗಿ ಕೂರಿಸುತ್ತವೆ. ಕೂತು ಬರೆದದ್ದು ಯಾವುದಕ್ಕೂ ಸಾಕ್ಷಿಯಲ್ಲ. ಅವು ಎದೆಬಡಿತ, ರಕ್ತದೊತ್ತಡ ಏರಿಸುತ್ತವೆ, ನಿದ್ದೆ ಕೆಡಿಸುತ್ತವೆ, ಚಟವೂ ಆಗಬಹುದು. ಹೃದಯದ ತೊಂದರೆ ಇದ್ದು ಅದು ಗೊತ್ತಿಲ್ಲದಿದ್ದರೆ ಇನ್ನೂ ಅಪಾಯ. ಒಬ್ಬರಿಗೆ ಬರೆದುಕೊಟ್ಟದ್ದನ್ನು ಇನ್ನೊಬ್ಬರು ನುಂಗಬಾರದು. ಎಡಿಎಚ್‌ಡಿ ಅಂತ ಹೇಳಬೇಕಾದರೆ ಅದರ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇದ್ದಿರಬೇಕು. ಮನೆ, ಶಾಲೆ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಕಾಣಿಸಿರಬೇಕು. ನಿಮ್ಮ ಹಳೆಯ ಮಾರ್ಕ್ಸ್ ಕಾರ್ಡ್ ತೆಗೆದು ಶಿಕ್ಷಕರು ಏನು ಬರೆದಿದ್ದರು ನೋಡಿ. ಅಮ್ಮನನ್ನು ಕೇಳಿ. ಅದನ್ನೆಲ್ಲ ತೆಗೆದುಕೊಂಡು ಮನೋವೈದ್ಯರ ಹತ್ತಿರ ಹೋಗಿ.

ಇಬ್ಬರು ಮಕ್ಕಳ ತಂದೆ: ನೋಡಿ, ಎಲ್ಲದಕ್ಕೂ ಒಂದು ಕಾಯಿಲೆ ಹೆಸರು. ಈ ಕಾಲದಲ್ಲಿ ಸೋಮಾರಿ ಅಂತ ಯಾರೂ ಇಲ್ಲವೇ ಇಲ್ಲ.

ಸಂಶೋಧನಾ ವಿದ್ಯಾರ್ಥಿನಿ: ಸರ್, ಮೇಡಂ ಅವನಿಗೆ ಕಾಯಿಲೆ ಇದೆ ಅಂದಿಲ್ಲ. ಪೂರ್ತಿ ಓದಿ.

ಇಬ್ಬರು ಮಕ್ಕಳ ತಂದೆ: ಓದಿದ್ದೇನೆ. ಒಂದು ವರ್ಷ ಒಂದು ಅಧ್ಯಾಯ ಬರೆಯದವರಿಂದ ಓದೋದು ಕಲಿಯಬೇಕಿಲ್ಲ.

ಬ್ಯಾಂಕ್ ಉದ್ಯೋಗಿ: ರೀ, ಇದು ಸರಿಯಲ್ಲ. ಆ ಹುಡುಗಿ ಧೈರ್ಯ ಮಾಡಿ ಹೇಳಿಕೊಂಡಿದ್ದಾರೆ.

ಇಬ್ಬರು ಮಕ್ಕಳ ತಂದೆ: ನಿಮ್ಮನ್ನು ಯಾರು ಕೇಳಿದ್ದು?

ನಿರ್ವಾಹಕರು: ವೈಯಕ್ತಿಕ ಮಾತು ಬೇಡ. ಇಬ್ಬರಿಗೂ ಹೇಳುತ್ತಿದ್ದೇನೆ.

ಹೊಸ ಸದಸ್ಯ: ಮೊಬೈಲ್ ನೋಡೋದು ಬಿಡೋಕೆ ಆಗ್ತಿಲ್ಲ, ಪರಿಹಾರ ತಿಳಿಸಿ.

ಸೈಕಾಲಜಿಸ್ಟ್: ಮೇಲೆ ಹೇಳಿದ್ದೇನೆ. ಬೇರೆ ಕೋಣೆ.

ರಾತ್ರಿಗೂಬೆ: ನಿದ್ದೆಯನ್ನೇ ಮುಂದಕ್ಕೆ ಹಾಕೋದಕ್ಕೆ ಏನಂತೀರಿ? ಕಣ್ಣು ಎಳೀತಿದ್ದರೂ ಮಲಗಲ್ಲ.

ಸೈಕಾಲಜಿಸ್ಟ್: ಇದನ್ನೂ ಅಧ್ಯಯನ ಮಾಡಿದ್ದಾರೆ, ನೆದರ್ಲೆಂಡ್ಸ್‌ನಲ್ಲಿ 2014ರಲ್ಲಿ. ಹಗಲಲ್ಲಿ ನಿಮ್ಮದು ಅಂತ ಒಂದು ಗಂಟೆಯೂ ಸಿಗದೆ ಇದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ. ಹಲ್ಲುಜ್ಜುವುದು, ಬಟ್ಟೆ ಬದಲಿಸುವುದನ್ನು ಊಟ ಆದ ಕೂಡಲೇ ಮುಗಿಸಿ. ಎಷ್ಟೋ ಜನ ಮುಂದಕ್ಕೆ ಹಾಕುವುದು ಮಲಗುವುದನ್ನಲ್ಲ, ಅದಕ್ಕಾಗಿ ಕೂತಲ್ಲಿಂದ ಏಳುವುದನ್ನು.

ತಮ್ಮನ ಅಕ್ಕ: ಮೇಡಂ, ನನ್ನ ತಮ್ಮನ ವಿಷಯ. 31 ವರ್ಷ. ಮೊದಲೆಲ್ಲ ಬಿಲ್ ಬಂದ ದಿನವೇ ಕಟ್ಟುವವನು. ಎರಡು ಮೂರು ತಿಂಗಳಿಂದ ಎಲ್ಲವನ್ನೂ ಮುಂದಕ್ಕೆ ಹಾಕುತ್ತಿದ್ದಾನೆ. ನಿನ್ನೆ ಅವನ ಮನೆಗೆ ಹೋಗಿದ್ದೆ. ಟಿವಿ ಹಿಂದೆ ಲಕೋಟೆಗಳ ಒಂದು ಕಟ್ಟು ಇತ್ತು, ಒಂದನ್ನೂ ಒಡೆದಿಲ್ಲ. ಕೆಲವು ಸಾಲದ ಕಂತಿನವು. ಸ್ನಾನ ಮಾಡಿ ಮೂರು ದಿನ ಆಗಿತ್ತಂತೆ. ಗಿಟಾರ್ ಅಂದರೆ ಪ್ರಾಣ ಅವನಿಗೆ, ಅದರ ಮೇಲೂ ಧೂಳು. ನಸುಕಿನಲ್ಲೇ ಎಚ್ಚರ ಆಗುತ್ತಂತೆ. ಅವನಿಗೆ ಯಾವ ಟೈಮ್‌ಟೇಬಲ್ ಹಾಕಿಕೊಡಲಿ?

ಇಬ್ಬರು ಮಕ್ಕಳ ತಂದೆ: ತಂಗೀ, ಕರ್ಕೊಂಡು ಬಂದು ಒಂದು ವಾರ ನಿಮ್ಮ ಮನೇಲಿ ಇಟ್ಕೊಂಡು ಬೆಳಿಗ್ಗೆ ಎಬ್ಬಿಸಿ ಓಡಿಸಿ. ಎಲ್ಲ ಸರಿ ಹೋಗುತ್ತೆ.

ಸೈಕಾಲಜಿಸ್ಟ್: ಅಕ್ಕಾವರೇ, ದಯವಿಟ್ಟು ಆ ಸಲಹೆ ಪಕ್ಕಕ್ಕಿಡಿ. ಮುರಿದ ಕಾಲಿನವನನ್ನು ಓಡು ಅಂದ ಹಾಗಾಗುತ್ತದೆ. ಟೈಮ್‌ಟೇಬಲ್ ಕೂಡ ಬೇಡ.

ಮೇಲೆ ಅಧ್ಯಾಯ ಬರೆಯಲಾಗದವರು ಗೆಳತಿಯರ ಕೆಲಸ ಮಾಡುತ್ತಾರೆ, ಕಪಾಟು ಜೋಡಿಸುತ್ತಾರೆ. ಒಂದು ಕೆಲಸದಿಂದ ತಪ್ಪಿಸಿಕೊಂಡು ಇನ್ನೊಂದಕ್ಕೆ ಹೋಗುತ್ತಾರೆ. ನಿಮ್ಮ ತಮ್ಮ ಎಲ್ಲಿಗೂ ಹೋಗುತ್ತಿಲ್ಲ. ಇಷ್ಟದ ಗಿಟಾರ್ ಕೂಡ ಮುಟ್ಟುತ್ತಿಲ್ಲ. ಸ್ನಾನ ನಿಂತಿದೆ. ನಸುಕಿಗೇ ಎಚ್ಚರ. ಮೊದಲು ಹೀಗಿರಲಿಲ್ಲ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಇಂಥ ಲಕ್ಷಣಗಳು ಎರಡು ವಾರ ದಾಟಿದರೇ ನಾವು ಖಿನ್ನತೆ ಇದೆಯಾ ಅಂತ ನೋಡುತ್ತೇವೆ. ಇವರಿಗೆ ತಿಂಗಳುಗಳೇ ಆಗಿವೆ. ನೋಡದೆ ಇದೇ ಅಂತ ನಾನು ಹೇಳಲಾರೆ. ಥೈರಾಯ್ಡ್, ರಕ್ತಹೀನತೆ, ಕುಡಿತ, ಕೆಲವು ಔಷಧಗಳಿಂದಲೂ ಹೀಗಾಗುತ್ತದೆ. ಹಾಗಾಗಿ ಡಾಕ್ಟರ ಹತ್ತಿರ ಹೋಗಲೇಬೇಕು, ರಕ್ತಪರೀಕ್ಷೆ ಮಾಡಿಸಬೇಕು. ಅಪಾಯಿಂಟ್‌ಮೆಂಟ್ ನೀವೇ ತೆಗೆದುಕೊಳ್ಳಿ. ಅವರಿಗೆ ಬಿಟ್ಟರೆ ಅದೂ ಒಡೆಯದ ಲಕೋಟೆಗಳ ಜೊತೆ ಸೇರುತ್ತದೆ.

ಇವತ್ತೇ ಅವರ ಪಕ್ಕ ಕೂತು ಒಂದು ಮಾತು ಕೇಳಿ. "ಬದುಕಿರೋದೇ ಬೇಡ ಅನ್ಸಿದೆಯಾ?" ನೇರವಾಗಿ, ಇದೇ ಮಾತಿನಲ್ಲಿ. ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅಂತ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಕೇಳಿದ್ದರಿಂದ ಎಷ್ಟೋ ಜನಕ್ಕೆ ನಿರಾಳ ಆಗುತ್ತದೆ. ಅವರು ಏನಂದರು ಅಂತ ನನಗೆ ಇನ್‌ಬಾಕ್ಸ್‌ನಲ್ಲಿ ಬರೆಯಿರಿ.

ಇಬ್ಬರು ಮಕ್ಕಳ ತಂದೆ: ಹೆದರಿಸಬೇಡಿ ಮೇಡಂ. ಪಾಪ ಆ ಹೆಣ್ಣುಮಗಳು ರಾತ್ರಿ ನಿದ್ದೆ ಮಾಡಲ್ಲ.

ಸೈಕಾಲಜಿಸ್ಟ್: ಒಂದು ರಾತ್ರಿ ನಿದ್ದೆ ಕೆಟ್ಟರೆ ಕೆಡಲಿ. ಈ ವಿಷಯದಲ್ಲಿ ನಿಮ್ಮ ಜೊತೆ ವಾದ ಮಾಡುವುದಿಲ್ಲ.

ಹೊಸ ಸದಸ್ಯ: ಬೇರೆ ಕೋಣೆ ಇಲ್ಲದಿದ್ದರೆ?

ಬೆಳಗಿನ ಬೆಳಕು: ಖಿನ್ನತೆಗೆ ಏಳು ದಿನದಲ್ಲಿ ಪರಿಹಾರ ಕೊಡುವ ಒಂದು ಎಣ್ಣೆ ಇದೆ, ನಂಬರ್ ಬೇಕಾದವರು ಕೇಳಿ.

ಸೈಕಾಲಜಿಸ್ಟ್: ನಿರ್ವಾಹಕರೇ, ಇದನ್ನು ಈಗಲೇ ತೆಗೆಯಿರಿ. ಒಂದು ಜೀವದ ಪ್ರಶ್ನೆ ನಡೆಯುತ್ತಿರುವಾಗ ಎಣ್ಣೆ ಮಾರುವುದನ್ನು ನಾನು ಸಹಿಸುವುದಿಲ್ಲ.

ನಿರ್ವಾಹಕರು: ತೆಗೆದಿದ್ದೇನೆ. ಅವರನ್ನೂ ಗುಂಪಿನಿಂದ ತೆಗೆದಿದ್ದೇನೆ.

ತಮ್ಮನ ಅಕ್ಕ: ಮೇಡಂ, ಇನ್‌ಬಾಕ್ಸ್ ನೋಡಿ. ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ, ಆಮೇಲೆ ಹೌದು ಅಂದ.

ಸೈಕಾಲಜಿಸ್ಟ್: ನೋಡಿದೆ. ಫೋನ್ ಮಾಡುತ್ತಿದ್ದೇನೆ, ಎತ್ತಿಕೊಳ್ಳಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಮಾತ್ರೆಗಳನ್ನು ನಿಮ್ಮ ಚೀಲಕ್ಕೆ ಹಾಕಿಕೊಳ್ಳಿ. ಇವತ್ತೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ, ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಜೊತೆಗೆ ಇನ್ನೊಬ್ಬರು ಇರಲಿ.

ತಮ್ಮನ ಅಕ್ಕ: ಲಕೋಟೆಗಳನ್ನು ಏನು ಮಾಡಲಿ? ಅದನ್ನೇ ಹೇಳಿ ಅಳುತ್ತಿದ್ದಾನೆ.

ಸೈಕಾಲಜಿಸ್ಟ್: ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ನಿಮ್ಮ ಮನೆಗೆ ತೆಗೆದುಕೊಂಡು ಹೋಗಿ. "ಇವು ಇನ್ನು ನನ್ನ ಹತ್ತಿರ ಇರುತ್ತವೆ, ನಾನು ನೋಡಿಕೊಳ್ತೀನಿ" ಅಂತ ಹೇಳಿ. ಕಂತಿನದು ಅವರು ಒಪ್ಪಿದ ಮೇಲೆ ನೀವೇ ಒಡೆದು, ಸಾಲ ಕೊಟ್ಟವರ ಹತ್ತಿರ ಕಾಲಾವಕಾಶ ಕೇಳಬಹುದು. ಅದು ಆಸ್ಪತ್ರೆಯಿಂದ ಬಂದ ಮೇಲಿನ ಕೆಲಸ. ಈಗ ಹೊರಡಿ.